ಬೆರಳು ಎತ್ತಿದ ತಕರಾರು: ವಿದ್ಯಾರ್ಥಿಯಾಗಿ ಲೂಯಿ ಬ್ರೈಲ್

ಅಂಧರ ಚುಕ್ಕಿಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್‌ನನ್ನು ಬಾಲಪ್ರತಿಭೆಯೆಂದು ಕೊಂಡಾಡುವ ಬರಹಗಳಲ್ಲಿ ಅವನು ಓದಿದ ಶಾಲೆಯ ವಿಚಾರ ಮರೆಗೆ ಸರಿದುಬಿಡುತ್ತದೆ. ಆ ಶಾಲೆಯ ಬೋಧನಕ್ರಮದ ಕೊರತೆಯನ್ನು ಮೊದಲು ಅರಿತವರು ಅಲ್ಲಿ ಕಲಿಯುತ್ತಿದ್ದ ಮಕ್ಕಳು. ಪರಿಹಾರವನ್ನು ಒಪ್ಪಲು ತಡಮಾಡಿದವರು ಕಣ್ಣುಳ್ಳ ಆಡಳಿತಗಾರರು ಎಂಬುದು ಈ ಲೇಖನದ ವಾದ.

ಪ್ಯಾರಿಸಿನ ಅಂಧಮಕ್ಕಳ ಶಾಲೆಗೆ ಬ್ರೈಲ್ 1819ರಲ್ಲಿ, ಹತ್ತರ ವಯಸ್ಸಿನಲ್ಲಿ ಸೇರಿದ. ಸಂಸ್ಥಾಪಕ ವ್ಯಾಲೆಂಟಿನ್ ಹಾವಿಯ ಕ್ರಮದಂತೆ ಅಲ್ಲಿ ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸುತ್ತಿದ್ದರು. ಒಂದೊಂದು ಅಕ್ಷರದ ಬಳುಕನ್ನೂ ಸವರಿ, ಹಿಂದಿನದನ್ನು ನೆನಪಿಟ್ಟುಕೊಂಡು ಪದ ಕೂಡಿಸಬೇಕು. ಪುಸ್ತಕಗಳೋ ವಿಪರೀತ ಭಾರ. ಇದಕ್ಕಿಂತ ದೊಡ್ಡ ತೊಡಕು, ಈ ಕ್ರಮದಲ್ಲಿ ಮಗು ಓದಬಹುದಿತ್ತೇ ಹೊರತು ಸಲೀಸಾಗಿ ಬರೆಯುವಂತಿರಲಿಲ್ಲ. ಪಾಠದ ಟಿಪ್ಪಣಿ ಮಾಡಿಕೊಳ್ಳುವುದಾಗಲಿ, ಗೆಳೆಯನಿಗೊಂದು ಚೀಟಿ ಬರೆಯುವುದಾಗಲಿ ದೂರದ ಮಾತು.

1820ರ ದಶಕದ ಆರಂಭದಲ್ಲಿ ಚಾರ್ಲ್ಸ್ ಬಾರ್ಬಿಯೆ ಎಂಬಾತ ರೂಪಿಸಿದ ಹನ್ನೆರಡು ಚುಕ್ಕಿಗಳ ಬರಹ ಶಾಲೆಗೆ ಬಂತು. ಅದು ಉಚ್ಚಾರಣೆಯನ್ನಷ್ಟೇ ಹಿಡಿಯುತ್ತಿತ್ತು. ಕಾಗುಣಿತಕ್ಕೂ ವಿರಾಮಚಿಹ್ನೆಗೂ ಎಡೆಯಿರಲಿಲ್ಲ. ಚುಕ್ಕಿಗಳ ಸಾಲು ಬೆರಳತುದಿಗಿಂತ ಉದ್ದವಾಗಿ ಒಂದೇ ಸ್ಪರ್ಶಕ್ಕೆ ದಕ್ಕುತ್ತಿರಲಿಲ್ಲ. ಬ್ರೈಲ್ ಹನ್ನೆರಡನ್ನು ಆರಕ್ಕಿಳಿಸಿದ. 1824ರ ಹೊತ್ತಿಗೆ, ಹದಿನೈದರ ಹುಡುಗನ ಕೈಯಲ್ಲಿ ಲಿಪಿಯ ರೂಪುರೇಷೆ ಸಿದ್ಧವಾಗಿತ್ತು. ಕಿಂಡಿಗಳಿರುವ ಪಟ್ಟಿಯಡಿ ಹಾಳೆಯಿಟ್ಟು ಬಲದಿಂದ ಎಡಕ್ಕೆ ಮೊನೆಯಿಂದ ಚುಚ್ಚುತ್ತ ಹೋಗುವುದು, ಮಗುಚಿ ಎಡದಿಂದ ಬಲಕ್ಕೆ ಓದುವುದು. ಆರು ಚುಕ್ಕಿಗಳಲ್ಲಿ 63 ವಿನ್ಯಾಸಗಳು.

1829ರಲ್ಲಿ ಲಿಪಿ ಪ್ರಕಟವಾಯಿತು. 1840ರಲ್ಲಿ ಬಂದ ನಿರ್ದೇಶಕ ದ್ಯುಫೋ ಅದಕ್ಕೆ ತರಗತಿಯಲ್ಲಿ ಅವಕಾಶ ಕೊಡಲಿಲ್ಲ. ಪ್ರತ್ಯೇಕ ಲಿಪಿ ಅಂಧರನ್ನು ಸಮಾಜದಿಂದ ದೂರಮಾಡೀತೆಂಬ ಅಳುಕು ಆ ಕಾಲದಲ್ಲಿತ್ತು. ಪೂರಾ ತಳ್ಳಿಹಾಕುವ ಮಾತಲ್ಲ ಅದು. ಆದರೆ ಕಲಿಸುವವರಿಗೆ ಅನುಕೂಲವಾದದ್ದನ್ನು ಕಲಿಯುವವರ ಹಿತವೆಂದು ಸಾಧಿಸಲು ಅದು ಒದಗಿತು. ವಿದ್ಯಾರ್ಥಿಗಳು ಕದ್ದುಮುಚ್ಚಿ ಬರೆಯುತ್ತಲೇ ಇದ್ದರು. ಬಳಕೆ ನಿಲ್ಲದೆ ಹೋದದ್ದರಿಂದಲೇ 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯಂದು ಅದರ ಬಹಿರಂಗ ಪ್ರದರ್ಶನ ಸಾಧ್ಯವಾಯಿತು. ಅಧಿಕೃತ ಮನ್ನಣೆ 1854ರದು. ಬ್ರೈಲ್ 1852ರಲ್ಲೇ ತೀರಿಕೊಂಡಿದ್ದ.

ಕಲಿಯುವ ಮಗುವಿನ ತಕರಾರಿಗೆ ಕಿವಿಗೊಡಬೇಕೆಂಬ ಈ ಪಾಠ ಇಂದಿಗೂ ಸಲ್ಲುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ. ಸಮನ್ವಯ ಶಿಕ್ಷಣದ ನಮ್ಮ ಅಧ್ಯಯನಗಳು ಇಳಿಜಾರು ದಾರಿ, ಹಾಜರಾತಿ, ಸಾಧನ ವಿತರಣೆಗಳ ಜೊತೆಗೆ, ಕೊಟ್ಟ ಸಾಧನದ ಬಗ್ಗೆ ಮಗು ಎತ್ತಿದ ತಕರಾರೇನು, ಶಾಲೆ ಅದಕ್ಕೆ ಮಾಡಿದ್ದೇನು ಎಂಬುದನ್ನೂ ದಾಖಲಿಸಬೇಕಾಗಿದೆ.