ಕಪ್ ಉಳೀತು, ಟೀಮ್ ಉಳೀಲಿಲ್ಲ | ನಮ್ಮೂರ ಆಟದ ಚರಿತ್ರೆ – 4

ಫೋಟೋದಲ್ಲಿರೋದು ನಮ್ಮ ಬೇತಮಂಗಲ ಕೆರೆ. ಪಾಲಾರ್‌ನ ಈ ನೀರೇ ಪೈಪಿನಲ್ಲಿ ಕೆಜಿಎಫ್‌ಗೆ ಹೋಗಿ ಗಣಿ ಕಾಲೊನಿಗಳ ಬಾಯಾರಿಕೆ ತಣಿಸಿದ್ದು. ಆ ಕಾಲೊನಿಗಳಲ್ಲಿ ಹಾಕಿ, ಫುಟ್‌ಬಾಲ್ ಜೋರಾಗಿತ್ತು. ಆಮೇಲೇನಾಯ್ತು? ಅದಕ್ಕೆ ಮೊದಲು ಒಂದು ಕಪ್‌ನ ಕತೆ ಕೇಳಿ.

1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಬ್ರಿಟಿಷರು ರಗ್ಬಿ ಆಡಿದ್ರು. ಮರುವರ್ಷ ಕ್ಲಬ್ಬೂ ಆಯ್ತು. ಆದ್ರೆ ಆಡುತ್ತಿದ್ದ ಸೇನಾ ತುಕಡಿ ಊರು ಬಿಟ್ಟಿತು, ಉಳಿದವರು ಟೆನಿಸ್, ಪೋಲೋ ಕಡೆ ಹೋದ್ರು. ನಾಲ್ಕೈದು ವರ್ಷಕ್ಕೇ ಕ್ಲಬ್ ಮುಚ್ಚಿತು. ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿ ಕರಗಿಸಿ ಕಪ್ ಮಾಡಿಸಿದ್ರು. ಮೂರು ನಾಗರಹಾವಿನ ಹಿಡಿ, ಮುಚ್ಚಳದ ಮೇಲೆ ಆನೆ. ಅದೇ ಕಲ್ಕತ್ತಾ ಕಪ್. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಅದಕ್ಕಾಗಿ ಆಡ್ತಿವೆ.

ಮೈದಾನ ಇದ್ರೆ ಸಾಲದು, ಆಡೋರು ಊರಲ್ಲಿರಬೇಕು. ನಮ್ಮಲ್ಲೂ ಅದೇ ಆಯ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇವತ್ತು ಆಡೋ ವಯಸ್ಸಿನ ಎಷ್ಟೋ ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ವಾಪಸ್ ಬರ್ತಾರೆ. ಸಂಜೆ ಮೈದಾನಕ್ಕೆ ಯಾರು ಬರ್ತಾರೆ ಹೇಳಿ?

ಕರಗಿಸೋಕೆ ನಮ್ಮ ಹತ್ರ ಬೆಳ್ಳಿ ಇಲ್ಲ. ಹಳೇ ಟೀಮ್ ಫೋಟೋ ಮನೇಲಿದ್ರೆ, ತಾತನ್ನ ಕೇಳಿ ಹಿಂದೆ ಎಲ್ಲರ ಹೆಸರು ಬರೆದಿಡಿ. ಇವತ್ತೇ.