ಹಗೇವಿನಿಂದ ಅಮೋನಿಯಾದವರೆಗೆ: ಬಿಸಿಲು ಸೀಮೆಯ ಶೈತ್ಯಾಗಾರಗಳ ಚರಿತ್ರೆ

ಪ್ರಸ್ತಾವನೆ

ಆಳಂದ ತಾಲ್ಲೂಕಿನ ನರೋಣಾದಿಂದ ಅಫಜಲಪುರ, ಜೇವರ್ಗಿಯವರೆಗೆ ಹಬ್ಬಿದ ಎರೆಭೂಮಿಯಲ್ಲಿ ಬೆಳೆ ತೆಗೆಯುವುದು ಎಷ್ಟು ಕಷ್ಟವೋ ತೆಗೆದ ಬೆಳೆಯನ್ನು ಕಾಯುವುದೂ ಅಷ್ಟೇ ಕಷ್ಟ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಣಗಿಸಿದ ತೊಗರಿ, ಜೋಳಗಳಿಗೆ ಹುಳ ಬೀಳದಂತೆ ನೋಡಿಕೊಂಡರೆ ಸಾದಾ ಗೋದಾಮೇ ಸಾಕು. ಮೆಣಸಿನಕಾಯಿ, ಒಣದ್ರಾಕ್ಷಿಗಳ ಮಾತು ಬೇರೆ. ಸೆಕೆಗೆ ಅವುಗಳ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ದರ ಬೀಳುತ್ತದೆ.

ಶೈತ್ಯಾಗಾರದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಬರೆಯುತ್ತಾರೆ. ಒಳಗಿನ ಶಾಖವನ್ನು ಕಡಿಮೆ ಖರ್ಚಿನಲ್ಲಿ ಯಾವುದಕ್ಕೆ ಒಪ್ಪಿಸಬೇಕು ಎಂಬ ಪ್ರಶ್ನೆಯೇ ಈ ಚರಿತ್ರೆಯನ್ನು ಮುನ್ನಡೆಸಿದೆ ಎಂಬುದು ಈ ಲೇಖನದ ವಾದ.

ನೆಲದೊಳಗಿನ ಹಗೇವು

ಉತ್ತರ ಕರ್ನಾಟಕದ ರೈತರು ತಲೆಮಾರುಗಳ ಕಾಲ ಜೋಳವನ್ನು ಹಗೇವಿನಲ್ಲಿ ಇಟ್ಟು ಉಳಿಸಿದರು. ನೆಲ ಅಗೆದು, ಒಳಮೈಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಮತ್ತು ಹುಳ ಉಸಿರಾಡಿದಂತೆ ಒಳಗಿನ ಆಮ್ಲಜನಕ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಹುಳ ಸಾಯುತ್ತಿತ್ತು. ಮೇಲೆ ಎಷ್ಟೇ ಬಿಸಿಲು ಕಾದರೂ ಆಳದ ಮಣ್ಣಿನ ಉಷ್ಣತೆ ಹೆಚ್ಚು ಏರುತ್ತಿರಲಿಲ್ಲ. ಇದಕ್ಕೆ ಇಂಧನದ ಖರ್ಚೇ ಇರಲಿಲ್ಲ. ಆದರೆ ಅಪಾಯವಿತ್ತು: ಬಾಯಿ ತೆರೆದು, ಗಾಳಿ ಆಡಿದ ಮೇಲೆಯೇ ಒಳಗೆ ಇಳಿಯಬೇಕು. ಆತುರಪಟ್ಟು ಇಳಿದವರು ಉಸಿರುಗಟ್ಟಿ ಸತ್ತದ್ದುಂಟು.

ಅಮೋನಿಯಾ ಬಂದ ದಾರಿ

ಭಾರತದ ಪಟ್ಟಣಗಳಿಗೆ ತಂಪು ಮೊದಲು ಹಡಗಿನಲ್ಲಿ ಬಂತು. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಕೆರೆಯ ಮಂಜುಗಡ್ಡೆ ಕಲ್ಕತ್ತೆಗೆ ಬಂದಿಳಿಯಿತು. ಮದರಾಸಿನ ಕಡಲತೀರದಲ್ಲೂ ಅದಕ್ಕಾಗಿ ಮಂಜಿನ ಮನೆ ಎದ್ದಿತು. ಈ ವ್ಯಾಪಾರವನ್ನು ಕೊನೆಗಾಣಿಸಿದ್ದು ಯಂತ್ರದಿಂದ ತಯಾರಾದ ಮಂಜುಗಡ್ಡೆ. ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಲ್ಲಿ ಅಮೋನಿಯಾ ಮತ್ತು ನೀರು ಬಳಸುವ, ಬೆಂಕಿಯ ಶಾಖದಿಂದ ನಡೆಯುವ ಯಂತ್ರ ರೂಪಿಸಿದ. ಅಮೆರಿಕದಲ್ಲಿ ಡೇವಿಡ್ ಬಾಯ್ಲ್ 1872ರಲ್ಲಿ ಅಮೋನಿಯಾ ಕಂಪ್ರೆಸರಿಗೆ ಪೇಟೆಂಟ್ ಪಡೆದ. ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1876ರ ವೇಳೆಗೆ ಅದನ್ನು ಕಾರ್ಖಾನೆಗಳು ನಂಬಬಹುದಾದ ಯಂತ್ರವನ್ನಾಗಿ ಮಾಡಿದ.

ಅಮೋನಿಯಾ ಉಳಿದುಕೊಂಡದ್ದಕ್ಕೆ ಅದರ ಗುಣವೇ ಕಾರಣ. ವಾತಾವರಣದ ಒತ್ತಡದಲ್ಲಿ ಅದು ಮೈನಸ್ 33 ಡಿಗ್ರಿಯಲ್ಲಿ ಕುದಿಯುತ್ತದೆ. ಹಾಗೆ ಒಂದು ಕಿಲೋ ಅಮೋನಿಯಾ ಆವಿಯಾಗುವಾಗ ಸುಮಾರು 1,370 ಕಿಲೋಜೂಲ್ ಶಾಖ ಹೀರುತ್ತದೆ. ಫ್ರಿಜ್ಜುಗಳಲ್ಲಿ ಬಳಸುವ ಆರ್-134ಎ ಅನಿಲ ಹೀರುವುದು ಇದರ ಆರನೇ ಒಂದು ಪಾಲು ಮಾತ್ರ. 1930ರ ದಶಕದಲ್ಲಿ ಕ್ಲೋರೊಫ್ಲೋರೊಕಾರ್ಬನ್‌ಗಳು ಮನೆಯ ಫ್ರಿಜ್ಜುಗಳನ್ನು ಆಕ್ರಮಿಸಿದಾಗಲೂ ದೊಡ್ಡ ಉಗ್ರಾಣಗಳು ಅಮೋನಿಯಾವನ್ನು ಬಿಡಲಿಲ್ಲ. ಓಝೋನ್ ಪದರದ ರಕ್ಷಣೆಗೆ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದ, ಭೂಮಿಯ ತಾಪ ಹೆಚ್ಚಿಸುವ ಅನಿಲಗಳ ಮೇಲೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿ ಅದರ ಸ್ಥಾನವನ್ನು ಇನ್ನಷ್ಟು ಗಟ್ಟಿಮಾಡಿದವು. ಅಮೋನಿಯಾದಿಂದ ಈ ಎರಡೂ ಹಾನಿ ಇಲ್ಲ.

ಕನ್ನಡ ನಾಡಿನ ಕೊಂಡಿಗಳು

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿದ ಉದ್ಯಮ ಕಬ್ಬಿಣದ ನೇಗಿಲಿನ ದಾರಿಯಲ್ಲಿ ಬೆಳೆಯಿತು. ಅದೇ ಮನೆತನದ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಕಂಪನಿ 1958ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಯಿತು. ಅದರ ಅಮೋನಿಯಾ ಕಂಪ್ರೆಸರುಗಳು ದೇಶದ ಶೈತ್ಯಾಗಾರಗಳಿಗೆ ಚಿರಪರಿಚಿತ.

ನಾಡಿನಲ್ಲಿ ಶೈತ್ಯಾಗಾರದ ಫಲ ಎದ್ದು ಕಾಣುವ ಊರು ಹಾವೇರಿ ಜಿಲ್ಲೆಯ ಬ್ಯಾಡಗಿ. ಸುಗ್ಗಿಯ ತಿಂಗಳುಗಳಲ್ಲಿ ಬಳ್ಳಾರಿ, ರಾಯಚೂರು ಕಡೆಯಿಂದಲೂ ಇಲ್ಲಿಗೆ ಮೆಣಸಿನಕಾಯಿ ಹರಿದುಬರುತ್ತದೆ. ಮಾರದೆ ಉಳಿದ ಚೀಲಗಳು ಊರ ಸುತ್ತಲಿನ ಕೋಲ್ಡ್ ಸ್ಟೋರೇಜ್‌ಗಳಿಗೆ ಹೋಗುತ್ತವೆ. ಅಲ್ಲಿನ ತಂಪು ಕಾಯಿಯ ಕೆಂಪನ್ನು ತಿಂಗಳುಗಟ್ಟಲೆ ಕಾಯುತ್ತದೆ. ಅತ್ತ ವಿಜಯಪುರದ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿಯನ್ನು ಇಡಲು, ಮಾರಲು ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿಗಳವರೆಗೆ ಲಾರಿ ಕಟ್ಟಿಕೊಂಡು ಹೋಗುತ್ತ ಬಂದಿದ್ದಾರೆ. ತಂಪು ದೂರವಿದ್ದಷ್ಟೂ ರೈತನಿಗೆ ದರಕ್ಕಾಗಿ ಕಾಯುವ ಶಕ್ತಿ ಕುಗ್ಗುತ್ತದೆ.

ಯಂತ್ರದ ಕೋಣೆಯಲ್ಲಿ

ಹಳೆಯ ಶೈತ್ಯಾಗಾರಗಳಲ್ಲಿ ಕಬ್ಬಿಣದ ಕೊಳವೆಗಳ ಸಾಲು, ಗೋಡೆಗೆ ಭತ್ತದ ಹೊಟ್ಟು ಅಥವಾ ಥರ್ಮಾಕೋಲ್, ಹೊರಗೆ ನೀರು ಸುರಿಯುವ ಕಂಡೆನ್ಸರ್ ಇರುತ್ತಿದ್ದವು. ತಾಮ್ರದ ಕೊಳವೆ ಬಳಸುವಂತಿಲ್ಲ, ಅಮೋನಿಯಾ ಅದನ್ನು ತಿನ್ನುತ್ತದೆ. ಸೋರಿಕೆ ಪತ್ತೆಗೆ ಆಪರೇಟರ್ ಗಂಧಕದ ಬತ್ತಿ ಹಚ್ಚಿ ಜೋಡಣೆಗಳ ಬಳಿ ಹಿಡಿಯುತ್ತಾನೆ. ಅಮೋನಿಯಾ ಸೋರುತ್ತಿದ್ದರೆ ಬಿಳಿ ಹೊಗೆ ದಟ್ಟವಾಗಿ ಏಳುತ್ತದೆ. ಕೊಳವೆಯೊಳಗೆ ಸೇರಿಕೊಂಡ ಗಾಳಿಯನ್ನು ತೆಗೆಯಲು ಸಣ್ಣ ನಳಿಗೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸುತ್ತಾನೆ. ಅಮೋನಿಯಾ ನೀರಿನಲ್ಲಿ ಕರಗಿಬಿಡುತ್ತದೆ, ಗಾಳಿ ಮಾತ್ರ ಗುಳ್ಳೆಯಾಗಿ ಮೇಲೆ ಬರುತ್ತದೆ. ಈ ಸಣ್ಣ ಕೆಲಸ ತಪ್ಪಿದರೆ ಕಂಡೆನ್ಸರಿನ ಒತ್ತಡ ಏರಿ ಕರೆಂಟ್ ಬಿಲ್ಲೂ ಏರುತ್ತದೆ.

ರಾಷ್ಟ್ರೀಯ ತೋಟಗಾರಿಕಾ ಮಂಡಳಿ 2010ರಲ್ಲಿ ಶೈತ್ಯಾಗಾರಗಳಿಗೆ ತಾಂತ್ರಿಕ ಮಾನದಂಡ ಹೊರಡಿಸಿದ ಮೇಲೆ ಶಾಖನಿರೋಧಕ ಹೊದಿಕೆ, ಯಂತ್ರಗಳ ದಕ್ಷತೆ ಯೋಜನೆಯ ಕಾಗದದಲ್ಲೇ ಲೆಕ್ಕಕ್ಕೆ ಬಂದವು. ಉದಾಹರಣೆಗೆ, ಕೋಣೆಯೊಳಗೆ ತಂಪು ಗಾಳಿ ಹರಡುವ ಫ್ಯಾನಿನ ವೇಗವನ್ನು ಶೇ 80ಕ್ಕೆ ಇಳಿಸಿದರೆ ಅದು ಎಳೆಯುವ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಫ್ಯಾನು ಕಡಿಮೆ ತಿರುಗಿದಷ್ಟೂ ಕೋಣೆಯೊಳಗೆ ಅದು ಸೇರಿಸುವ ಶಾಖವೂ ಕಡಿಮೆ.

ಒಣ ಗಾಳಿ, ನೀರು

ನರೋಣಾ ಸೀಮೆಗೆ ಮುಖ್ಯವಾದ ಲೆಕ್ಕ ಇದು. ಬೇಸಿಗೆಯಲ್ಲಿ ಗಾಳಿ 40 ಡಿಗ್ರಿ ಇದ್ದು ತೇವಾಂಶ ಶೇ 20 ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 22 ಡಿಗ್ರಿ ತೋರಿಸುತ್ತದೆ. ಬರೀ ಗಾಳಿಯಿಂದ ತಣಿಸುವ ಕಂಡೆನ್ಸರಿನಲ್ಲಿ ಅಮೋನಿಯಾ 50 ಡಿಗ್ರಿಯ ಆಸುಪಾಸಿನಲ್ಲಿ ದ್ರವವಾಗುತ್ತದೆ. ನೀರನ್ನು ಆವಿಯಾಗಿಸಿ ತಣಿಸಿದರೆ 35 ಡಿಗ್ರಿಯೇ ಸಾಕು. ಕೋಣೆಯನ್ನು ತಣಿಸುವ ಒಳಗಿನ ಸುರುಳಿ ಮೈನಸ್ 2 ಡಿಗ್ರಿ ಇದ್ದಾಗ, ಆದರ್ಶ ಚಕ್ರದ ಲೆಕ್ಕದಲ್ಲೂ ಮೊದಲನೆಯದಕ್ಕೆ ಎರಡನೆಯದಕ್ಕಿಂತ ಶೇ 40ರಷ್ಟು ಹೆಚ್ಚು ವಿದ್ಯುತ್ ಬೇಕು. ಬೆಳೆಯನ್ನು ಕಾಡುವ ಒಣಹವೆಯೇ ಶೈತ್ಯಾಗಾರಕ್ಕೆ ನೆರವಾಗುತ್ತದೆ.

ಆದರೆ ಅದಕ್ಕೆ ನೀರು ಬೇಕು. 120 ಕಿಲೋವಾಟ್ ಶಾಖ ಹೊರಹಾಕುವ ಘಟಕದಲ್ಲಿ ಗಂಟೆಗೆ ಸುಮಾರು 180 ಲೀಟರ್ ಆವಿಯಾಗುತ್ತದೆ. ದಿನಕ್ಕೆ 16 ಗಂಟೆ ನಡೆದರೆ 2,900 ಲೀಟರ್. ಗಡಸು ಬೋರ್‌ವೆಲ್ ನೀರಾದರೆ ಕೊಳವೆಗೆ ಸುಣ್ಣ ಕಟ್ಟಿ ಉಳಿತಾಯವೆಲ್ಲ ಕರಗುತ್ತದೆ. ಇದಕ್ಕೆ ಪರಿಹಾರ ಕಟ್ಟಡದ ಮೇಲೆಯೇ ಇದೆ. 1,000 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದು, ಶೇ 80 ಕೂಡಿಟ್ಟರೆ 5.6 ಲಕ್ಷ ಲೀಟರ್ ಮೆದು ನೀರು ಸಿಗುತ್ತದೆ. ಮುಚ್ಚಿದ ತೊಟ್ಟಿಯಲ್ಲಿಟ್ಟರೆ ಆವಿಯಾಗುವ ನೀರನ್ನು ಆರು ತಿಂಗಳು ತುಂಬಿಕೊಡಲು ಇಷ್ಟು ಸಾಕು.

ಉಪಸಂಹಾರ

ಹಗೇವು ಶಾಖವನ್ನು ಮಣ್ಣಿಗೆ ಒಪ್ಪಿಸಿತು, ಮೊದಲ ಯಂತ್ರಗಳು ನೀರಿಗೆ ಒಪ್ಪಿಸಿದವು. ನೆಲದ ಗುಣ ಬಲ್ಲವರು ಹಗೇವು ತೋಡಿದಂತೆಯೇ ಇಲ್ಲಿನ ಗಾಳಿ, ನೀರು, ಮಳೆಯನ್ನು ಅರಿತು ಶೈತ್ಯಾಗಾರ ಕಟ್ಟಬೇಕು. ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಏಳುವ ಪ್ರತಿ ಶೈತ್ಯಾಗಾರದ ನಕ್ಷೆಯಲ್ಲೂ ಯಂತ್ರದ ಕೋಣೆಯ ಜೊತೆಗೆ ಮಳೆನೀರಿನ ತೊಟ್ಟಿ, ತರಬೇತಿ ಪಡೆದ ಆಪರೇಟರನ ಹುದ್ದೆ, ಸೋರಿಕೆ ಸೂಚಿಸುವ ಉಪಕರಣ ಇರಲೇಬೇಕು. ಸರ್ಕಾರದ ಸಹಾಯಧನವೂ ಇವನ್ನೇ ಷರತ್ತಾಗಿ ಕೇಳಬೇಕು.