ವೈದ್ಯಕೀಯ ಸೀಟು: ಸಂದರ್ಶನದಿಂದ ಸಿಇಟಿಯವರೆಗೆ

ಮೈಸೂರು ರಾಜ್ಯ ಸರ್ಕಾರ 1963ರಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಿಗೆ ಸಂದರ್ಶನ ನಿಗದಿ ಮಾಡಿ, ಪಿಯುಸಿಯ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಅದಕ್ಕೆ ಮೀಸಲಿಟ್ಟಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಸಮಾಜಸೇವೆ, ನಾಟಕ ಎಲ್ಲವನ್ನೂ ಸಮಿತಿ ತೂಗಿ ನೋಡಬೇಕಿತ್ತು. ಉದ್ದೇಶವನ್ನು ತಪ್ಪೆನ್ನಲಾಗದು, ರೋಗಿಯ ಮುಂದೆ ಕೂರುವವನಿಗೆ ಅಂಕಪಟ್ಟಿಯೊಂದೇ ಸಾಲದೆಂಬುದು ನಿಜ. ಆದರೆ ಹೆಚ್ಚು ಅಂಕ ಪಡೆದೂ ಸೀಟು ಸಿಗದವರು ಹೈಕೋರ್ಟಿನ ಮೆಟ್ಟಿಲೇರಿದಾಗ, ಸಮಿತಿ ಅಧಿಕಾರವನ್ನು ದುರುಪಯೋಗಪಡಿಸಿಕೊಂಡಿದೆ ಎಂದ ನ್ಯಾಯಾಲಯ ಆ ಸಂದರ್ಶನಗಳನ್ನೇ ರದ್ದುಪಡಿಸಿತು. ಚಿತ್ರಲೇಖಾ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟ್ ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಪದ್ಧತಿ ಉಳಿಯಿತು, ಜನರ ಅನುಮಾನವೂ ಉಳಿಯಿತು. ಉತ್ತರಪತ್ರಿಕೆಯನ್ನಾದರೆ ಮರಳಿ ತೆಗೆದು ನೋಡಬಹುದು. ವ್ಯಕ್ತಿತ್ವಕ್ಕೆ ಕೊಟ್ಟ ಅಂಕ ಪ್ರತಿಭೆಯದೋ ವಶೀಲಿಯದೋ ಎಂದು ತೋರಿಸಲು ಹೊರಗಿನವರ ಕೈಯಲ್ಲಿ ಏನಿರುತ್ತದೆ?

ಸಮಿತಿಯಲ್ಲಿ ಪ್ರಾಮಾಣಿಕರಿದ್ದರೆ ಸಂದರ್ಶನವೇ ಮೇಲಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಪ್ರಾಮಾಣಿಕರಿಗೂ ಕಾಲಾವಕಾಶ ಬೇಕು. 1980ರ ಅಜಯ್ ಹಾಸಿಯಾ ಪ್ರಕರಣದಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದು ಒಬ್ಬೊಬ್ಬರಿಗೆ ಎರಡು ಮೂರು ನಿಮಿಷವಷ್ಟೇ ಕೊಟ್ಟು, ಒಟ್ಟು ಅಂಕದ ಮೂರನೇ ಒಂದು ಪಾಲನ್ನು ಸಂದರ್ಶನಕ್ಕಿಟ್ಟಿದ್ದು ಬಯಲಾಯಿತು. ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಕೊಡುವುದು ಸ್ವೇಚ್ಛಾಚಾರವೆಂದು ಸುಪ್ರೀಂ ಕೋರ್ಟ್ ಹೇಳಿತು. ಎರಡು ಮೂರು ನಿಮಿಷದಲ್ಲಿ ತಿಳಿಯುವುದು ಮಾತಿನ ಚುರುಕು, ಮನೆತನದ ಠೀವಿ. ಹಳ್ಳಿಯ ಶಾಲೆಯಿಂದ ಬಂದ ಹುಡುಗಿಯ ತಾಳ್ಮೆಯಲ್ಲ.

ಇನ್ನೊಂದು ಬಾಗಿಲು ಹಣದ್ದು. 1984ರಲ್ಲಿ ಕರ್ನಾಟಕ ಕ್ಯಾಪಿಟೇಶನ್ ಶುಲ್ಕವನ್ನು ಕಾನೂನಿನಿಂದ ನಿಷೇಧಿಸಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕ ಗೊತ್ತುಮಾಡಿತು. ಈ ಶುಲ್ಕವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದು ಇದರಿಂದ. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಸುವ ಸಿಇಟಿ ಘಟಕ ಬಂದು ರ್‍ಯಾಂಕ್ ಪಟ್ಟಿ ಎಲ್ಲರ ಕಣ್ಣೆದುರು ತೆರೆದುಕೊಂಡಾಗ ಜನ ನಂಬಿದ್ದು ಈ ಹಿನ್ನೆಲೆಯಲ್ಲಿ.

ಪರೀಕ್ಷೆ ಅಳೆಯುವುದು ಕೋಚಿಂಗನ್ನು ಎಂಬ ದೂರು ಸರಿಯೇ. ಗ್ರಾಮೀಣ ಶಾಲೆಯವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಕಾದಿಟ್ಟದ್ದು ಆ ದೂರಿಗೆ ರಾಜ್ಯ ಕೊಟ್ಟ ಉತ್ತರದ ಒಂದು ಭಾಗ. ಕೋಚಿಂಗ್ ಕೊಳ್ಳುವ ಹಣ ಸಂದರ್ಶನದ ತರಬೇತಿಯನ್ನೂ ಕೊಂಡೀತು. ಹಿಂದಿನ ಪದ್ಧತಿಗೆ ಮರಳುವುದರಿಂದ ಬಡವರಿಗೆ ಲಾಭವಿಲ್ಲ. ಕರುಣೆ, ಸಹನೆಗಳನ್ನು ತೂಗಲು ನಾಲ್ಕೂವರೆ ವರ್ಷದ ವ್ಯಾಸಂಗವಿದೆ, ಆಮೇಲೆ ಒಂದು ವರ್ಷದ ಹೌಸ್ ಸರ್ಜನ್ಸಿಯಿದೆ. ಆ ಪರೀಕ್ಷೆ ನಡೆಯಬೇಕಾದದ್ದು ವಾರ್ಡಿನಲ್ಲಿ, ಅದರ ಹೊಣೆ ಅಧ್ಯಾಪಕರದು.